ಮೋಟಾರು ಸೈಕಲ್ಲಿನ ಮುಂದಿನ ಫೋರ್ಕು: ಆಯಿಲ್ ಸೀಲನ್ನು ಮನೆಯಲ್ಲಿಯೇ ಬದಲಿಸುವ ಬಗೆ

ಓಖ್ಲಾ ಔದ್ಯೋಗಿಕ ಪ್ರದೇಶದ ಕಾರ್ಖಾನೆಗಳಿಗೂ ಕಚೇರಿಗಳಿಗೂ ಗೋವಿಂದಪುರಿ, ಬದರ್‌ಪುರಗಳ ಕಡೆಯಿಂದ ನಿತ್ಯವೂ ಬಂದು ಹೋಗುವ ನಮ್ಮ ಬಾಂಧವರಲ್ಲಿ ಅನೇಕರಿಗೆ ಮೋಟಾರು ಸೈಕಲ್ಲೇ ಕಾಲು. ಎಂಜಿನ್ನಿನ ಸದ್ದು ತುಸು ಬದಲಾದರೆ ಸಾಕು, ಮಿಸ್ತ್ರಿಯ ಬಳಿಗೆ ಓಡುತ್ತೇವೆ. ಆದರೆ ಮುಂದಿನ ಚಕ್ರದ ಇಕ್ಕೆಲಗಳಲ್ಲಿ ನಿಂತು ಸದ್ದಿಲ್ಲದೆ ಭಾರ ಹೊರುವ ಫೋರ್ಕಿನ ಕಡೆಗೆ ನಮ್ಮ ದೃಷ್ಟಿ ಹರಿಯುವುದು ಅಪರೂಪ. ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರವೊಂದು ಮೂಡಿ, ಅದಕ್ಕೆ ಧೂಳು ಮೆತ್ತಿ ಕಪ್ಪಾದರೂ ಒರೆಸಿ ಸುಮ್ಮನಾಗುತ್ತೇವೆ.

ಇದು ಸುಮ್ಮನಿರತಕ್ಕ ಸಂಗತಿಯಲ್ಲ. ಡಿಸ್ಕ್ ಬ್ರೇಕಿರುವ ವಾಹನಗಳಲ್ಲಿ ಬ್ರೇಕಿನ ಹಿಡಿತವು ಫೋರ್ಕಿನ ಕಾಲಿಗೇ ಜೋಡಿಸಲ್ಪಟ್ಟಿರುತ್ತದೆ. ಮೇಲಿನಿಂದ ಇಳಿದ ಎಣ್ಣೆ ಡಿಸ್ಕನ್ನು ಮುಟ್ಟಿದರೆ, ಮಥುರಾ ರಸ್ತೆಯಲ್ಲಿ ಮುಂದಿನ ಟ್ರಕ್ಕು ಹಠಾತ್ತನೆ ನಿಂತ ಗಳಿಗೆಯಲ್ಲಿ ಬ್ರೇಕು ಹಿಡಿಯಲಾರದು. ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳನ್ನು ತೊಳೆದು ಬಳಸುವುದೂ ತರವಲ್ಲ, ಅವನ್ನು ಬದಲಿಸಲೇಬೇಕು. ಒಳಗೆ ಎಣ್ಣೆ ಕಡಮೆಯಾದ ಫೋರ್ಕಾದರೋ ಹಳ್ಳ ಸಿಕ್ಕಿದಲ್ಲಿ ಕುಕ್ಕುತ್ತದೆ, ತಿರುವಿನಲ್ಲಿ ತೂಗಾಡುತ್ತದೆ.

ಫೋರ್ಕಿನ ರಚನೆ ಗಹನವಾದುದೇನಲ್ಲ. ಮೇಲಿನ ನುಣುಪಾದ ಉಕ್ಕಿನ ಕೊಳವೆಯು ಕೆಳಗಿನ ದಪ್ಪ ಕೊಳವೆಯೊಳಗೆ ಜಾರುತ್ತದೆ. ಒಳಗಿರುವ ಸ್ಪ್ರಿಂಗು ಭಾರವನ್ನು ಹೊರುತ್ತದೆ. ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಸುಳುತ್ತ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಹೀಗೆ ಎಣ್ಣೆಯಿಂದ ಕುಲುಕಾಟವನ್ನು ತಡೆಯುವ ಫೋರ್ಕನ್ನು ಮಾರಾಟದ ಮೋಟಾರು ಸೈಕಲ್ಲಿಗೆ ಅಳವಡಿಸಿದ ಕೀರ್ತಿ 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಗೆ ಸಂದಿತು. ಎರಡು ಕೊಳವೆಗಳ ಸಂದಿಯಲ್ಲಿ ಕುಳಿತು ಎಣ್ಣೆಯನ್ನು ಒಳಗೆ ಹಿಡಿದಿಡುವ ರಬ್ಬರು ಬಳೆಯೇ ಆಯಿಲ್ ಸೀಲ್. ಹೋಟೆಲಿನ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ಕುಕ್ಕರುಗಳೊಡನೆ ಹೆಣಗಿದವರಿಗೆ ಇದರ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾತ್ರೆ ಎಷ್ಟೇ ಗಟ್ಟಿಯಾಗಿರಲಿ, ಬೇಳೆ ಬೇಯುವುದು ರಬ್ಬರಿನ ದಯೆಯಿಂದ!

ರಬ್ಬರು ವಯಸ್ಸಾದಂತೆ ಗಡುಸಾಗುವುದು ಸಹಜ. ಓಖ್ಲಾದ ಧೂಳು ಮತ್ತು ಲಾರಿಗಳು ಎಬ್ಬಿಸುವ ಕೆಸರು ಈ ಕಾರ್ಯವನ್ನು ತ್ವರೆಗೊಳಿಸುತ್ತವೆ. ಕೊಳವೆಯ ಮೇಲೆ ಒಣಗಿದ ಕೆಸರು ಪ್ರತಿಯೊಂದು ಕುಲುಕಾಟದಲ್ಲಿಯೂ ಸೀಲಿನ ತುಟಿಯನ್ನು ಗೀರುತ್ತದೆ. ಆದುದರಿಂದ ಫೋರ್ಕನ್ನು ಬಿಚ್ಚುವ ಮುನ್ನ ಒಂದು ಸುಲಭೋಪಾಯವನ್ನು ಮಾಡಿ ನೋಡಬೇಕು. ಧೂಳಿನ ರಬ್ಬರನ್ನು ಮೆಲ್ಲನೆ ಮೇಲಕ್ಕೆ ಸರಿಸಿ, ಹಳೆಯ ಫೋಟೋ ಫಿಲ್ಮಿನ ತುಂಡನ್ನೋ ಅಷ್ಟೇ ತೆಳುವಾದ ಪ್ಲಾಸ್ಟಿಕ್ಕಿನ ಪಟ್ಟಿಯನ್ನೋ ಸೀಲಿಗೂ ಕೊಳವೆಗೂ ನಡುವೆ ತೂರಿಸಿ ಸುತ್ತಲೂ ಆಡಿಸಿದರೆ ಸಿಕ್ಕಿಕೊಂಡ ಮಣ್ಣು ಹೊರಬೀಳುತ್ತದೆ. ಎಷ್ಟೋ ಸಲ ಸೋರಿಕೆ ಇಷ್ಟರಿಂದಲೇ ನಿಲ್ಲುವುದುಂಟು. ನಿಲ್ಲದಿದ್ದರೆ ಕೊಳವೆಯ ಮೇಲೆ ಉಗುರಾಡಿಸಿ ನೋಡಿರಿ. ತುಕ್ಕಿನ ಕುಳಿಗಳು ಉಗುರಿಗೆ ಸಿಕ್ಕಿದರೆ ಹೊಸ ಸೀಲು ಹಾಕಿಯೂ ಪ್ರಯೋಜನವಿಲ್ಲ, ಕೊಳವೆಯನ್ನೇ ಬದಲಿಸಬೇಕಾದೀತು.

ಸೀಲುಗಳನ್ನು ಕರೋಲ್ ಬಾಗಿನ ಬಿಡಿಭಾಗಗಳ ಅಂಗಡಿಗಳಿಂದ ತರಬಹುದು. ಎರಡು ಕಾಲುಗಳಿಗೂ ಒಟ್ಟಿಗೆ ಕೊಳ್ಳುವುದು ಲೇಸು. ಒಂದು ಸೋತಾಗ ಇನ್ನೊಂದೂ ಅದೇ ವಯಸ್ಸಿನದೆಂಬುದನ್ನು ಮರೆಯಬಾರದು. ವಾಹನದ ಕೈಪಿಡಿಯಲ್ಲಿ ಹೇಳಿದ ಫೋರ್ಕಿನ ಎಣ್ಣೆಯನ್ನೂ ಕೆಳ ಬೋಲ್ಟಿಗೆ ಬೇಕಾದ ತಾಮ್ರದ ವಾಷರನ್ನೂ ತರಬೇಕು. ಅಂಗಡಿಯವನು ‘ಎಂಜಿನ್ ಆಯಿಲೇ ಸಾಕು ಭಾಯಿಸಾಹೇಬ್’ ಎಂದರೆ ನಕ್ಕು ಸುಮ್ಮನಾಗುವುದು ಕ್ಷೇಮ. ಬೆಲೆಬಾಳುವ ಹೊಸ ವಾಹನಗಳಲ್ಲಿ ಕಾಣುವ ತಲೆಕೆಳಗಾದ ಫೋರ್ಕಿನ ಗೊಡವೆಗೆ ಮನೆಯಲ್ಲಿ ಹೋಗದಿರುವುದೇ ಮೇಲು.

ಇನ್ನು ಬಿಚ್ಚುವ ಕ್ರಮ. ಇದರಲ್ಲಿ ಬಲಕ್ಕಿಂತ ಸರದಿಯೇ ಮುಖ್ಯ. ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಮುಂದಿನ ಚಕ್ರ ನೆಲಬಿಡುವಂತೆ ಮಾಡಿರಿ. ತಳ್ಳಿದರೆ ಅಲುಗಾಡುವ ವಾಹನದ ಕೆಳಗೆ ಕೈಯಿಡಬಾರದು. ಬ್ರೇಕಿನ ಹಿಡಿತವನ್ನು ಕಳಚಿ ತಂತಿಯಿಂದ ತೂಗುಹಾಕಿರಿ. ಅದು ಬ್ರೇಕಿನ ಕೊಳವೆಯ ಮೇಲೆ ಜೋತಾಡಕೂಡದು. ಡಿಸ್ಕು ಹೊರಗಿರುವಷ್ಟು ಹೊತ್ತೂ ಬ್ರೇಕಿನ ಹಿಡಿಯನ್ನು ಯಾರೂ ಒತ್ತದಂತೆ ನೋಡಿಕೊಳ್ಳಬೇಕು. ಮನೆಯಲ್ಲಿ ಮಕ್ಕಳಿದ್ದರಂತೂ ಹೇಳಿಡುವುದು ಅವಶ್ಯ. ಚಕ್ರ, ಮಡ್‌ಗಾರ್ಡುಗಳನ್ನು ತೆಗೆದ ಮೇಲೆ, ಕೊಳವೆಯು ಮೇಲಿನ ಕ್ಲ್ಯಾಂಪಿನಿಂದ ಎಷ್ಟು ಮೇಲಕ್ಕೆ ಚಾಚಿದೆಯೆಂಬುದನ್ನು ಅಳೆದು ಬರೆದಿಡಿರಿ.

ಅನೇಕರು ಎಡವುವುದು ಇಲ್ಲಿಯೇ. ಕಾಲು ವಾಹನದಲ್ಲಿರುವಾಗಲೇ ಮೇಲಿನ ಕ್ಲ್ಯಾಂಪಿನ ಬೋಲ್ಟನ್ನು ಸಡಿಲಿಸಿ, ಕೆಳಗಿನದನ್ನು ಬಿಗಿಯಾಗಿಯೇ ಬಿಟ್ಟು, ಕೊಳವೆಯ ತಲೆಯ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕು. ಕಾಲಿನ ತಳದ ಅಲೆನ್ ಬೋಲ್ಟನ್ನೂ ಆಗಲೇ ಸಡಿಲಿಸಬೇಕು. ಸ್ಪ್ರಿಂಗಿನ ಒತ್ತಡವು ಒಳಗಿನ ದಂಡವನ್ನು ಹಿಡಿದುಕೊಂಡಿರುವುದರಿಂದ ಬೋಲ್ಟು ತಿರುಗುತ್ತದೆ. ಸ್ಪ್ರಿಂಗನ್ನು ಮೊದಲೇ ತೆಗೆದುಬಿಟ್ಟರೆ ದಂಡವೂ ಬೋಲ್ಟಿನೊಡನೆ ಸುತ್ತತೊಡಗಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇಷ್ಟಾದ ಮೇಲೆ ಕೆಳಗಿನ ಕ್ಲ್ಯಾಂಪನ್ನೂ ಸಡಿಲಿಸಿ ಕಾಲನ್ನು ತಿರುಚುತ್ತ ಕೆಳಕ್ಕೆಳೆದರೆ ಬರುತ್ತದೆ.

ತಲೆಯ ಮುಚ್ಚಳವನ್ನು ಪೂರ್ತಿ ಬಿಚ್ಚುವಾಗ ಮುಖವನ್ನು ದೂರವಿಡಿರಿ. ಕೆಳಗೆ ಸ್ಪ್ರಿಂಗು ಒತ್ತುತ್ತಿರುತ್ತದೆ. ಕೊನೆಯ ಸುತ್ತಿನಲ್ಲಿ ಮುಚ್ಚಳವು ಸಿಡಿದು ಕಣ್ಣಿಗೆ ಬಡಿದೀತು. ಎಣ್ಣೆಯನ್ನು ಡಬ್ಬಿಗೆ ಬಗ್ಗಿಸಿ, ತಳದ ಬೋಲ್ಟು, ಧೂಳಿನ ರಬ್ಬರು, ಅದರಡಿಯ ತಂತಿಯ ಲಾಕುಗಳನ್ನು ತೆಗೆಯಬೇಕು. ಬುಶ್ ಇರುವ ಫೋರ್ಕಿನಲ್ಲಿ ಮೇಲಿನ ಕೊಳವೆಯನ್ನು ನಾಲ್ಕಾರು ಸಲ ಜಗ್ಗಿದರೆ ಸೀಲು ತಾನಾಗಿ ಹೊರಬರುತ್ತದೆ. ಬುಶ್ ಇಲ್ಲದಿದ್ದರೆ ಕೊಳವೆಯನ್ನು ಹೊರತೆಗೆದು ಸೀಲನ್ನು ಎಬ್ಬಿಸಬೇಕು. ಆಗ ಸ್ಕ್ರೂಡ್ರೈವರಿನ ಕೆಳಗೆ ಬಟ್ಟೆಯ ಮಡಿಕೆಯಿರಲಿ. ಅಲ್ಯೂಮಿನಿಯಮ್ಮಿನ ಅಂಚಿಗೆ ಗೀರು ಬಿದ್ದರೆ ಹೊಸ ಸೀಲೂ ಸೋರುವುದು ಖಂಡಿತ.

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ದಂಡ ಹಾಗೂ ಕೊಳವೆಗಳನ್ನು ಮರಳಿ ಕೂಡಿಸಿ, ಸ್ಪ್ರಿಂಗನ್ನು ಒತ್ತಿಹಿಡಿದು ತಳದ ಬೋಲ್ಟನ್ನು ಹೊಸ ವಾಷರಿನೊಡನೆ ಬಿಗಿಯಬೇಕು. ಕೊಳವೆಯ ತುದಿಗೆ ತೆಳು ಪ್ಲಾಸ್ಟಿಕ್ ಚೀಲವನ್ನು ತೊಡಿಸಿ, ಎಣ್ಣೆ ಸವರಿ, ಸೀಲನ್ನು ಇಳಿಸಿದರೆ ತುಟಿ ಹರಿಯುವುದಿಲ್ಲ. ಸಣ್ಣ ಸ್ಪ್ರಿಂಗು ಕಾಣುವ ಮುಖ ಎಣ್ಣೆಯ ಕಡೆಗೆ, ಅಂದರೆ ಕೆಳಕ್ಕೆ ಇರಬೇಕು. ಅಳತೆಗೆ ಸರಿಹೊಂದುವ ಪಿ.ವಿ.ಸಿ. ಕೊಳವೆಯಿಂದ ಸಮನಾಗಿ ತಟ್ಟುತ್ತ, ಲಾಕು ಕೂರುವ ಗಾಡಿ ಪೂರ್ತಿಯಾಗಿ ಕಾಣುವವರೆಗೆ ಒಳಸೇರಿಸಿರಿ. ಓರೆಯಾಗಿ ಬಡಿದ ಸೀಲು ಒಂದು ವಾರವೂ ಬಾಳಲಾರದು.

ಬಳಿಕ ಸ್ಪ್ರಿಂಗನ್ನು ಹೊರತೆಗೆದು, ಕೈಪಿಡಿಯ ಅಳತೆಯಂತೆ ಎರಡು ಕಾಲುಗಳಿಗೂ ಒಂದೇ ಪ್ರಮಾಣದ ಎಣ್ಣೆಯನ್ನು ಎರೆದು, ಮೆಲ್ಲನೆ ಒತ್ತಿ ಎತ್ತಿ ಗಾಳಿಯನ್ನು ಹೊರಗಟ್ಟಬೇಕು. ಸ್ಪ್ರಿಂಗು, ಮುಚ್ಚಳಗಳನ್ನಿಟ್ಟು ಕಾಲನ್ನು ಮೊದಲು ಬರೆದಿಟ್ಟ ಎತ್ತರಕ್ಕೇ ಏರಿಸಿರಿ. ಚಕ್ರವನ್ನು ಸೇರಿಸಿ ವಾಹನವನ್ನು ನೆಲಕ್ಕಿಳಿಸಿ, ಹ್ಯಾಂಡಲನ್ನು ನಾಲ್ಕೈದು ಸಲ ಒತ್ತಿದ ಮೇಲೆ ಅಚ್ಚಿನ ಕೊನೆಯ ಬಿಗಿತ ಕೊಡುವುದರಿಂದ ಎರಡು ಕಾಲುಗಳೂ ಒಂದಕ್ಕೊಂದು ಸಮನಾಗಿ ನಿಲ್ಲುತ್ತವೆ.

ಮೈಸೂರಿನಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳನ್ನು ಅಭಿಮಾನದಿಂದ ಕಾಪಾಡಿಕೊಂಡಿರುವ ಕನ್ನಡಿಗರು ಇಂದಿಗೂ ಇದ್ದಾರೆ. ಊರಿನಿಂದ ಅಂಥದೊಂದನ್ನು ದೆಹಲಿಗೆ ತರಬಯಸುವವರು ಫೋರ್ಕಿಗಿಂತ ಮೊದಲು ಕಾಯಿದೆಯನ್ನು ನೋಡತಕ್ಕದ್ದು. 15 ವರ್ಷ ಮೀರಿದ ಪೆಟ್ರೋಲ್ ವಾಹನಗಳು ಇಲ್ಲಿ ಓಡಕೂಡದೆಂಬ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಮೇಲೂ ಈ ವಿಚಾರ ನ್ಯಾಯಾಲಯದ ಮುಂದೆ ಬರುತ್ತಲೇ ಇದೆ.

ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿರಿ. ಓಖ್ಲಾದ ಪಕ್ಕದಲ್ಲಿಯೇ ಯಮುನೆ ಹರಿಯುತ್ತಾಳೆ, 1874ರ ಆಗ್ರಾ ಕಾಲುವೆ ಹೊರಡುವುದೂ ಅಲ್ಲಿಂದಲೇ. ಡಬ್ಬಿಯಲ್ಲಿ ತುಂಬಿ ಹಳೆ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಿರಿ.

ರಸ್ತೆಗಿಳಿಯುವ ಮುನ್ನ ಬ್ರೇಕಿನ ಹಿಡಿಯನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಮೊದಲ ಒತ್ತಿಗೆ ಅದು ಸಡಿಲವಾಗಿದ್ದೀತು. ಗಲ್ಲಿಯೊಳಗೇ ನಿಧಾನವಾಗಿ ಓಡಿಸಿ ಬ್ರೇಕು ಹಿಡಿದು ನೋಡಿರಿ. ಒಂದು ವಾರದ ಬಳಿಕ ಕೊಳವೆಗೆ ಬಿಳಿ ಕಾಗದವನ್ನು ಒತ್ತಿ, ಅದರ ಮೇಲೆ ಜಿಡ್ಡಿನ ಕಲೆ ಬಿದ್ದಿದೆಯೇ ಎಂಬುದನ್ನು ಪರೀಕ್ಷಿಸಿರಿ.