ಹಳೆಯ ಲ್ಯಾಪ್‌ಟಾಪ್ ಎಲ್ಲಿಯವರೆಗೆ ಎದ್ದಿತು?

ಬೆಳ್ತಂಗಡಿ ಪೇಟೆ ದಾಟಿ ಉಜಿರೆ ಕಡೆಗೆ ಹೊರಟರೆ ಸಿಗುವ ಊರು ಲಾಯಿಲ. ಚಾರ್ಮಾಡಿ ಘಟ್ಟದ ಬುಡ ಇಲ್ಲಿಂದ ಹೆಚ್ಚು ದೂರವಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಕಪಾಟಿನ ಬಟ್ಟೆಗೂ ಚಪ್ಪಲಿಗೂ ಬೂಸ್ಟು ಹಿಡಿಸುವ ಥಂಡಿ ಲ್ಯಾಪ್‌ಟಾಪಿಗೆ ಮಾತ್ರ ರಿಯಾಯಿತಿ ಕೊಡುವುದಿಲ್ಲ. ಏಪ್ರಿಲ್–ಮೇಯಲ್ಲಿ ಸಂಜೆಯ ಸಿಡಿಲು, ಆಷಾಢದ ಗಾಳಿಗೆ ತಂತಿ ಮೇಲೆ ಬೀಳುವ ಮರ, ಮಳೆ ಬಿಟ್ಟ ಮೇಲೆ ತೋಟಕ್ಕೆ ನೀರು ಬಿಡುವ ಪಂಪ್‌ಸೆಟ್ಟುಗಳಿಂದ ಕುಸಿಯುವ ವೋಲ್ಟೇಜು, ಇವನ್ನೂ ಸೇರಿಸಿಕೊಳ್ಳಿ. ಹಾಗಾಗಿ ಇಲ್ಲಿ ಹಳೆಯ ಲ್ಯಾಪ್‌ಟಾಪ್ ಕೆಟ್ಟಿತೆಂದರೆ ತಪ್ಪು ಅದರ ಹೊರಗೇ ಇರುವ ಸಂಭವ ಸಾಕಷ್ಟಿದೆ. ಮದರ್‌ಬೋರ್ಡ್ ಹೋಯಿತು ಎಂದು ಮೊದಲ ನೋಟಕ್ಕೇ ತೀರ್ಪು ಕೊಡುವವರನ್ನು ನಂಬುವ ಅವಸರ ಬೇಡ.

ರಿಪೇರಿ ಅಂಗಡಿಗೆ ಬರುವವರ ದೂರು ಸಾಮಾನ್ಯವಾಗಿ ಒಂದೇ: "ಆನೇ ಆಗುವುದಿಲ್ಲ ಮಾರಾಯ್ರೆ." ಆದರೆ ಬಟನ್ ಒತ್ತಿದಾಗ ಒಂದು ಲೈಟೂ ಹತ್ತದಿರುವುದು ಬೇರೆ, ಲೈಟ್ ಹತ್ತಿ ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿರುವುದು ಬೇರೆ, ಕಂಪೆನಿಯ ಲೋಗೋ ಬಂದು ಅಲ್ಲಿಯೇ ನಿಲ್ಲುವುದು ಇನ್ನೂ ಬೇರೆ. ಕಂಪ್ಯೂಟರ್ ಒಮ್ಮೆಗೇ ಎಚ್ಚರಗೊಳ್ಳುವುದಿಲ್ಲ. ಮೊದಲು ಕರೆಂಟು, ಆಮೇಲೆ ಪ್ರೊಸೆಸರು, ಮೆಮೊರಿ, ಪರದೆ, ಕೊನೆಗೆ ಡಿಸ್ಕು. ಎಲ್ಲಿ ನಿಂತಿತು ಎಂದು ಗೊತ್ತಾದರೆ ಹುಡುಕುವ ಜಾಗ ಕಿರಿದಾಗುತ್ತದೆ.

ಒಂದು ಲೈಟೂ ಇಲ್ಲವೆಂದಾದರೆ ಅಡಾಪ್ಟರ್ ನೋಡಿ. ಅದರ ಬೆನ್ನಿನ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಪಂಪು ಓಡುವಾಗ ಮನೆಯ ಬಲ್ಬು ಮಂಕಾಗುವಷ್ಟು ವೋಲ್ಟೇಜ್ ಇಳಿದರೆ ಅಡಾಪ್ಟರಿಗೆ ಏನೂ ಆಗುವುದಿಲ್ಲ. ಅದನ್ನು ಕೊಲ್ಲುವುದು ಏರಿಕೆ. ಮರ ಬಿದ್ದು ನ್ಯೂಟ್ರಲ್ ತಂತಿ ತುಂಡಾಯಿತೆನ್ನಿ. ಆಗ ಒಂದೇ ಫೇಸಿನಲ್ಲಿರುವ ಮನೆಗೂ 230ರ ಬದಲು 400 ವೋಲ್ಟಿನ ಹತ್ತಿರ ಬರಬಹುದು. ಅಡಾಪ್ಟರಿನೊಳಗೆ ಹಾಕುವ ದೊಡ್ಡ ಕೆಪಾಸಿಟರಿನ ತಾಳಿಕೆ ಸಾಮಾನ್ಯವಾಗಿ 400 ವೋಲ್ಟ್ ಡಿಸಿ. 400 ವೋಲ್ಟ್ ಎಸಿಯ ಶಿಖರವೋ 560ರ ಆಸುಪಾಸು. ಪಟ್ಟೆಂದು ಸಿಡಿದು ಸುಟ್ಟ ವಾಸನೆ ಬರುತ್ತದೆ. ಹೆಚ್ಚಿನ ಸಲ ಸಾಯುವುದು ಅಡಾಪ್ಟರು ಮಾತ್ರ, ಅದರ ಆಚೆಗಿರುವ ಲ್ಯಾಪ್‌ಟಾಪ್ ಉಳಿದುಕೊಂಡಿರುತ್ತದೆ. ಹೊಸ ಬೋರ್ಡಿಗೆ ದುಡ್ಡು ಸುರಿಯುವ ಮೊದಲು ಬೇರೆ ಅಡಾಪ್ಟರ್ ಹಾಕಿ ನೋಡಬೇಕೆನ್ನುವುದು ಇದಕ್ಕೇ.

ಉರುಟು ಪಿನ್ನಿನ ಅಡಾಪ್ಟರಾದರೆ ಮಲ್ಟಿಮೀಟರಿನಲ್ಲಿ ಅಳೆಯಬಹುದು. ಚೀಟಿಯಲ್ಲಿ 19.5 ವೋಲ್ಟ್, 3.34 ಆಂಪಿಯರ್ ಎಂದಿದ್ದರೆ ಅದು 65 ವ್ಯಾಟಿನದು. ಪಿನ್ನಿನ ಒಳಗೋಡೆಗೂ ಹೊರಗೋಡೆಗೂ ಮೀಟರಿನ ಕಡ್ಡಿ ತಾಗಿಸಿದರೆ 19.5ರ ಆಚೀಚೆ ತೋರಿಸಬೇಕು. ಡೆಲ್, ಎಚ್‌ಪಿಯ ಹಲವು ಪಿನ್ನುಗಳ ನಡುವೆ ಇನ್ನೊಂದು ಸಪೂರ ಸೂಜಿಯಿದೆ. ಇದು ಯಾವ ಅಡಾಪ್ಟರು ಎಂದು ಲ್ಯಾಪ್‌ಟಾಪಿಗೆ ಹೇಳುವ ಸೂಜಿ. ಅದು ಬಗ್ಗಿದರೆ ಡೆಲ್ ಯಂತ್ರ ಆನ್ ಆದೀತು, ಬ್ಯಾಟರಿ ಮಾತ್ರ ಚಾರ್ಜ್ ಆಗದು. ಟೈಪ್-ಸಿ ಚಾರ್ಜರಿಗೆ ಮೀಟರ್ ಹಿಡಿದು ಪ್ರಯೋಜನವಿಲ್ಲ. ಯಂತ್ರದೊಡನೆ ಮಾತುಕತೆ ಮುಗಿಯದೆ ಅದು ಪೂರ್ತಿ ವೋಲ್ಟೇಜ್ ಬಿಡುವುದೇ ಇಲ್ಲ. ಅದನ್ನು ಇನ್ನೊಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಪರೀಕ್ಷಿಸಬೇಕು.

ಅಡಾಪ್ಟರ್ ಸರಿಯಿದ್ದೂ ಬಟನ್ನಿಗೆ ಉತ್ತರವಿಲ್ಲವೆ? ಲ್ಯಾಪ್‌ಟಾಪಿನೊಳಗೆ ಬಟನ್ ಕಾಯಲೆಂದೇ ಒಂದು ಸಣ್ಣ ಚಿಪ್ ಇದೆ. ಬ್ಯಾಟರಿಯಲ್ಲಿ ಜೀವ ಇರುವವರೆಗೆ ಯಂತ್ರ ಆಫ್ ಆಗಿದ್ದರೂ ಅದು ಎಚ್ಚರ. ಕರೆಂಟು ಹೋಗಿ ಬಂದು ಮಾಡುವ ಗಲಾಟೆಯಲ್ಲಿ ಕೆಲವೊಮ್ಮೆ ಅದು ಸಿಕ್ಕಿಹಾಕಿಕೊಳ್ಳುತ್ತದೆ. ನೀವು ಎಷ್ಟು ಒತ್ತಿದರೂ ಅದಕ್ಕೆ ಕೇಳುವುದಿಲ್ಲ. ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆಯಲು ಬರುವುದಾದರೆ ತೆಗೆದು, ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಉಳಿದ ಕರೆಂಟೆಲ್ಲ ಇಳಿದು ಚಿಪ್ ಹೊಸದಾಗಿ ಶುರುವಾಗುತ್ತದೆ. ಆಮೇಲೆ ಬ್ಯಾಟರಿ ಇಲ್ಲದೆ ಅಡಾಪ್ಟರ್ ಮಾತ್ರ ಸಿಕ್ಕಿಸಿ ಆನ್ ಮಾಡಿ. ಬ್ಯಾಟರಿ ಒಳಗೇ ಕೂತಿರುವ ಲೆನೊವೊದ ಕೆಲವು ಮಾದರಿಗಳಲ್ಲಿ ಈ ಚಿಪ್ಪನ್ನು ಹೊಸದಾಗಿ ಶುರು ಮಾಡಲೆಂದೇ ಕೆಳಗಡೆ ಸೂಜಿ ತೂರುವಷ್ಟು ತೂತು ಇರುತ್ತದೆ. ಒಂದು ಪೈಸೆ ಖರ್ಚಿಲ್ಲದ ಈ ಉಪಾಯದಿಂದ ಎದ್ದ ಲ್ಯಾಪ್‌ಟಾಪುಗಳು ಕಮ್ಮಿಯಲ್ಲ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿಕೊಂಡಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ಅಡಿಯ ಬ್ಯಾಟರಿ ಊದಿದೆ. ಅದನ್ನು ಅಮುಕಬಾರದು, ಚುಚ್ಚಬಾರದು, ಚಾರ್ಜಿಗೂ ಹಾಕಬಾರದು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು ಎಂಬುದೇ ನಮ್ಮ ಮಳೆಗಾಲದ ಮುಖ್ಯ ಕಾಯಿಲೆ. ಮೊದಲು ಕ್ಯಾಪ್ಸ್ ಲಾಕ್ ಒತ್ತಿ. ಅದರ ಲೈಟು ಹತ್ತಿ ಆರಿ ಮಾಡಿದರೆ ಯಂತ್ರ ಎದ್ದಿದೆ, ಕಾಣಿಸುತ್ತಿಲ್ಲ ಅಷ್ಟೆ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಓರೆಯಾಗಿ ಪರದೆಗೆ ಹಿಡಿಯಿರಿ. ಚಿತ್ರ ಮಸುಕಾಗಿ ಕಂಡರೆ ಹಿಂದಿನ ಬೆಳಕು ಮಾತ್ರ ಹೋಗಿದೆ. ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿದರೆ ಚಿತ್ರ ಬಂದೀತು.

ಕ್ಯಾಪ್ಸ್ ಲಾಕ್ ಕೂಡ ಸತ್ತಂತಿದ್ದರೆ, ಅಥವಾ ಬೀಪ್ ಬೀಪ್ ಎಂದರೆ, ಸಂಶಯ ಮೊದಲು ಮೆಮೊರಿಯ ಮೇಲೆ. ಪ್ಲಗ್ ಕಿತ್ತು, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಅಡಿಯ ಸ್ಕ್ರೂ ಬಿಚ್ಚಿ. ಮೆಮೊರಿ ಎಂದರೆ ಬೆರಳುದ್ದದ ಹಸಿರು ಪಟ್ಟಿ. ಅದರ ಎರಡೂ ಬದಿಯ ಕ್ಲಿಪ್ ಹೊರಕ್ಕೆ ಸರಿಸಿದರೆ ಪಟ್ಟಿ ತಾನಾಗಿ ಓರೆಯಾಗಿ ಏಳುತ್ತದೆ. ಅದರ ಅಂಚಿನ ಬಂಗಾರದ ಬಣ್ಣದ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಥಂಡಿ ತಿಂದ ಪಟ್ಟಿಯಲ್ಲಿ ಹೊಳಪು ಹೋಗಿ ಕಂದು ಛಾಯೆ ಇರುತ್ತದೆ, ಕೆಲವೊಮ್ಮೆ ಕಿಲುಬಿನ ಹಸಿರು ಚುಕ್ಕೆಯೂ ಇರುತ್ತದೆ. ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ ಒರೆಸಿ, ರಬ್ಬರಿನ ಪುಡಿ ಬ್ರಶ್ಶಿನಲ್ಲಿ ಉದುರಿಸಿ, ಮತ್ತೆ ಓರೆಯಾಗಿಯೇ ಒಳಗೆ ತೂರಿಸಿ ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಿ. ಮರಳುಕಾಗದ ಖಂಡಿತ ಬೇಡ, ಆ ಚಿನ್ನದ ಲೇಪ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಆನ್ ಮಾಡಿ. ತೆರೆದದ್ದಕ್ಕೆ ಫ್ಯಾನಿನ ಕಿಂಡಿಯನ್ನೂ ನೋಡಿಬಿಡಿ. ಬೆಚ್ಚಗಿನ ಜಾಗ ಸಿಕ್ಕಿತೆಂದು ಇರುವೆ ಅಲ್ಲಿ ಸಂಸಾರ ಹೂಡಿರುವುದು ನಮ್ಮ ಕಡೆ ಅಪರೂಪವಲ್ಲ.

ಬೋರ್ಡಿನ ಮೇಲೆ ನಾಣ್ಯದಂಥ ಸಿಆರ್2032 ಸೆಲ್ಲೂ ಇದ್ದೀತು. ಹೊಸದರಲ್ಲಿ 3 ವೋಲ್ಟ್. ಅದು ಬರಿದಾದರೆ ತಾರೀಕು ಹಿಂದಕ್ಕೆ ಹೋಗುತ್ತದೆ, ಕೆಲವು ಮಾದರಿಗಳು ಏಳಲು ತಕರಾರು ಮಾಡುತ್ತವೆ.

ನೀರು ನುಗ್ಗಿದ್ದರೆ ವಿಷಯವೇ ಬೇರೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಸುತ್ತಿನ ನೆರೆ ಕಂಡವರಿಗೆ ಕೆಸರು ನೀರು ಮನೆಯೊಳಗೆ ಬಂದರೆ ಏನೇನು ಹಾಳಾಗುತ್ತದೆಂದು ಹೇಳಬೇಕಿಲ್ಲ. ಒದ್ದೆಯಾದ ಲ್ಯಾಪ್‌ಟಾಪಿಗೆ ನಿಜವಾದ ಪೆಟ್ಟು ಬೀಳುವುದು ಸರಿಯಿದೆಯೋ ನೋಡೋಣ ಎಂದು ಬಟನ್ ಒತ್ತಿದಾಗ. ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ವ್ಯರ್ಥ. ಬೆಳ್ತಿಗೆಯಾಗಲಿ ಕುಚ್ಚಲಾಗಲಿ, ಬೋರ್ಡಿನ ಚಿಪ್ಪುಗಳ ಅಡಿಯ ನೀರನ್ನು ಎಳೆಯುವ ಶಕ್ತಿ ಅದಕ್ಕಿಲ್ಲ. ಬ್ಯಾಟರಿ ಬಿಚ್ಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯುವವರ ಕೈಗೆ ಬೇಗ ಕೊಡಬೇಕು.

ಲೋಗೋ ಬಂದು ನಿಂತರೆ, ಅಥವಾ ಬೂಟ್ ಡಿವೈಸ್ ಸಿಗಲಿಲ್ಲವೆಂಬ ಬರಹ ಬಂದರೆ, ಡಿಸ್ಕಿನ ಪಾಳಿ. ಹಳೆಯ ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ, ಪ್ರತಿ ಪ್ರಯತ್ನದಲ್ಲೂ ಉಳಿದದ್ದು ಕಳೆಯಬಹುದು. ಸದ್ದಿಲ್ಲದಿದ್ದರೆ 8 ಜಿಬಿ ಪೆನ್‌ಡ್ರೈವಿಗೆ ಉಬುಂಟು ಹಾಕಿ ಅದರಿಂದಲೇ ಯಂತ್ರ ಎಬ್ಬಿಸಿ, ಮದುವೆ ಫೋಟೊ, ಮಕ್ಕಳ ಅಂಕಪಟ್ಟಿ, ತೋಟದ ದಾಖಲೆ ಎಲ್ಲ ಬೇರೆ ಕಡೆಗೆ ನಕಲು ಮಾಡಿಕೊಳ್ಳಬಹುದು. ಲ್ಯಾಪ್‌ಟಾಪ್ ಸತ್ತೇ ಹೋಗಿದ್ದರೂ ಡಿಸ್ಕ್ ಬಿಚ್ಚಿ ಸಾಟಾ–ಯುಎಸ್‌ಬಿ ಕೇಬಲಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಬಹುದು. ಬಿಟ್‌ಲಾಕರ್ ಬೀಗ ಬಿದ್ದಿದ್ದರೆ 48 ಅಂಕಿಗಳ ಕೀ ಬೇಕು. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ವಿಂಡೋಸ್ ಮತ್ತೆ ಹಾಕುವ ಮಾತು ಈ ನಕಲು ಮುಗಿದ ಮೇಲೆಯೇ. ಹಾಕುವುದಾದರೂ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11ಕ್ಕೆ ಟಿಪಿಎಂ 2.0 ಚಿಪ್ ಬೇಕು. ಅದಿಲ್ಲದ ಯಂತ್ರಕ್ಕೆ ಎಸ್‌ಎಸ್‌ಡಿ ಕೂರಿಸಿ ಲಿನಕ್ಸ್ ಹಾಕಿದರೆ ಬರವಣಿಗೆ, ಬ್ರೌಸಿಂಗ್‌ಗೆ ಇನ್ನೂ ಕೆಲವು ವರ್ಷ ಧಾರಾಳ.

ಅಷ್ಟಕ್ಕೂ ಏಳದಿದ್ದರೆ ಮಾತ್ರ ಬೋರ್ಡಿನ ಕೆಲಸ ಬಲ್ಲವರ ಹತ್ತಿರ ಹೋಗಿ, ಖರ್ಚು ಎಷ್ಟೆಂದು ಮೊದಲೇ ಕೇಳಿಕೊಳ್ಳಿ. ಎದ್ದು ಬಂದದ್ದನ್ನು ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನಲ್ಲಿ ಮುಚ್ಚಿಡಬೇಡಿ. ವಾರಕ್ಕೆರಡು ಸಲ ಅರ್ಧ ಗಂಟೆ ಓಡಿಸಿದರೆ ಒಳಗಿನ ಥಂಡಿ ಅದರ ಬಿಸಿಗೇ ಆರುತ್ತದೆ. ಗುಡುಗು ಕೇಳಿದೊಡನೆ ಪ್ಲಗ್ ಕೀಳಿ, ತಾಮ್ರದ ಲ್ಯಾನ್ ಕೇಬಲ್ ಇದ್ದರೆ ಅದನ್ನೂ. ಲೋಹದ ಮೈ ಮುಟ್ಟಿದಾಗ ಜುಂ ಎಂದರೆ ಮನೆಯ ಅರ್ತಿಂಗ್ ನೋಡಿಸಿ: ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದರೆ ಕರೆಂಟನ್ನು ಸುಲಭಕ್ಕೆ ಇಳಿಸಿಕೊಳ್ಳುವುದಿಲ್ಲ, ಅರ್ತಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯುತ್ತಿರಬೇಕು.