ಪಾಯಿಂಟ್ ನಮ್ಮ ಕೈಯಲ್ಲಿ, ರಜೆ ಯಾರ ಕೈಯಲ್ಲಿ?

ಇಶಾ ನಮಾಝ್ ಮುಗಿಸಿ ಮನೆಗೆ ಬಂದಾಗ ತಂಗಿಯ ಗಂಡ ಚಾವಡಿಯಲ್ಲಿ ಒಂದು ದಪ್ಪ ಫೈಲ್ ಹಿಡಿದುಕೊಂಡು ಕೂತಿದ್ದ. ಸೌದಿಯಿಂದ ಎರಡು ತಿಂಗಳ ರಜೆಯಲ್ಲಿ ಬಂದು ಹದಿನೈದು ದಿನ ಆಗಿತ್ತಷ್ಟೆ. "ಭಾವ, ಇದನ್ನೊಮ್ಮೆ ಓದಿ ನೋಡಿ. ನಾನು ಹತ್ತು ಸಾವಿರ ಕೊಟ್ಟು ಬಂದಿದ್ದೇನೆ" ಅಂದ.

ವಿಷಯ ಇಷ್ಟು. ಮಂಗಳೂರಿನ ಮಾಲ್‌ವೊಂದರಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿಸಿದ್ದ. ಎರಡು ದಿನ ಬಿಟ್ಟು ಫೋನ್ ಬಂತು. ನಿಮಗೆ ಬಹುಮಾನ ಬಂದಿದೆ, ಹೆಂಡತಿಯನ್ನೂ ಕರೆದುಕೊಂಡು ಹೋಟೆಲಿಗೆ ಬನ್ನಿ, ಒಂದೂವರೆ ಗಂಟೆ ಸಾಕು ಅಂತ. ಹೋದದ್ದು ನಾಲ್ಕು ಗಂಟೆಗೆ, ಹೊರಗೆ ಬರುವಾಗ ಮಗ್ರಿಬ್ ಆಗಿತ್ತು. ದೊಡ್ಡ ಪರದೆಯಲ್ಲಿ ಊಟಿ, ಮುನ್ನಾರ್, ಗೋವಾ ತೋರಿಸಿ, "ಈ ರೇಟ್ ಇವತ್ತು ಮಾತ್ರ" ಅಂತ ಹೇಳಿ, ಕಾರ್ಡ್ ಉಜ್ಜಿಸಿ ಸಹಿ ಹಾಕಿಸಿಕೊಂಡಿದ್ದಾರೆ. ಕಂಪೆನಿಯ ಹೆಸರು ಇಲ್ಲಿ ಬೇಡ. ಹೆಸರು ಬೇರೆಯಾದರೂ ಇಂಥ ಸ್ಕೀಮ್‌ಗಳ ಲೆಕ್ಕಾಚಾರ ಹೆಚ್ಚು ಕಡಿಮೆ ಒಂದೇ ಥರ.

ರಿಸಾರ್ಟ್ ಪಾಲುದಾರಿಕೆಯ ಈ ವ್ಯವಹಾರಕ್ಕೆ ಟೈಮ್‌ಶೇರ್ ಅನ್ನುತ್ತಾರೆ. 1960ರ ದಶಕದಲ್ಲಿ ಯುರೋಪಿನಲ್ಲಿ ಶುರುವಾಗಿ 1980ರ ದಶಕದಲ್ಲಿ ನಮ್ಮ ದೇಶಕ್ಕೂ ಬಂತು. ಹಿಂದೆ ಇಂಥ ರಿಸಾರ್ಟಿನಲ್ಲಿ ಇಂಥ ವಾರ ನಿಮ್ಮದು ಅಂತ ಮಾರುತ್ತಿದ್ದರು. ಈಗ ಹಲವು ಕಡೆ ವಾರದ ಬದಲು ಪಾಯಿಂಟ್. ಪ್ರತಿ ವರ್ಷ ಇಷ್ಟು ಪಾಯಿಂಟ್ ಅಂತ ಖಾತೆಗೆ ಬೀಳುತ್ತದೆ. ಸೀಸನ್ ನೋಡಿ, ಕೋಣೆಯ ಗಾತ್ರ ನೋಡಿ ಪಾಯಿಂಟ್ ಕಳೆಯುತ್ತಾರೆ.

ನಮ್ಮ ಫೈಲಿನಲ್ಲಿದ್ದ ಲೆಕ್ಕ ಹೀಗೆ. ಸದಸ್ಯತ್ವ 25 ವರ್ಷಕ್ಕೆ, ಬೆಲೆ 4,50,000 ರೂಪಾಯಿ. ವರ್ಷಕ್ಕೆ 100 ಪಾಯಿಂಟ್. ಆರು ಜನ ಮಲಗುವ ಎರಡು ಕೋಣೆಯ ಮನೆಗೆ ಏಪ್ರಿಲ್, ಮೇ, ಡಿಸೆಂಬರಿನಲ್ಲಿ ರಾತ್ರಿಗೆ 25 ಪಾಯಿಂಟ್, ಮಳೆಗಾಲದಲ್ಲಿ 10. ಅಂದರೆ ಮಕ್ಕಳಿಗೆ ಶಾಲೆಗೆ ರಜೆ ಇರುವ ಹೊತ್ತಿಗೆ ನಾಲ್ಕೇ ರಾತ್ರಿ. ಊಟ ಬೇರೆ. ಇದಲ್ಲದೆ ವರ್ಷ ವರ್ಷ ತೆರಿಗೆ ಸೇರಿ 20,000 ರೂಪಾಯಿ ನಿರ್ವಹಣಾ ಶುಲ್ಕ, ಹೋದರೂ ಕೊಡಬೇಕು, ಹೋಗದಿದ್ದರೂ ಕೊಡಬೇಕು.

ಮದ್ರಸದ ಕಪ್ಪು ಹಲಗೆಯಲ್ಲಿ ಮಕ್ಕಳಿಗೆ ಲೆಕ್ಕ ಬಿಡಿಸುವ ಹಾಗೆ ಇಬ್ಬರೂ ಕೂತು ಬಿಡಿಸಿದೆವು. ನಾಲ್ಕೂವರೆ ಲಕ್ಷವನ್ನು 25ರಿಂದ ಭಾಗಿಸಿದರೆ ವರ್ಷಕ್ಕೆ 18,000. ಶುಲ್ಕ ಸೇರಿದರೆ 38,000. ನಾಲ್ಕು ರಾತ್ರಿಗೆ ಹಂಚಿದರೆ ರಾತ್ರಿಗೆ 9,500. ಎರಡು ವರ್ಷಕ್ಕೊಮ್ಮೆ ನಾಲ್ಕು ರಾತ್ರಿ ಮಾತ್ರ ಹೋದರೆ ರಾತ್ರಿಗೆ 19,000. ಆ ಶುಲ್ಕವಾದರೂ ಹಾಗೇ ನಿಲ್ಲುವುದಿಲ್ಲ. ವರ್ಷಕ್ಕೆ ಶೇಕಡಾ 5ರಷ್ಟು ಏರಿದರೂ 15ನೇ ವರ್ಷಕ್ಕೆ ಹತ್ತಿರ ಹತ್ತಿರ 40,000 ಆಗುತ್ತದೆ.

ಇನ್ನು ಕಂತಿನ ವಿಷಯ. ಮುಂಗಡ 45,000, ಬಾಕಿ 4,05,000ಕ್ಕೆ ತಿಂಗಳಿಗೆ 11,200ರಂತೆ 48 ಕಂತು. ಗುಣಿಸಿ ನೋಡಿ, 5,37,600. ಹೆಚ್ಚುವರಿ 1,32,600. "ಇದು ಬಡ್ಡಿ ಅಲ್ಲ ಸರ್, ಫೈನಾನ್ಸ್ ಚಾರ್ಜ್" ಅಂತ ಹೇಳಿದರಂತೆ. ರೊಕ್ಕಕ್ಕೆ ಒಂದು ಬೆಲೆ, ಕಂತಿಗೆ ಇನ್ನೊಂದು ಬೆಲೆ ಅಂತ ಮಾರುವವನೇ ಮೊದಲೇ ನಿಗದಿ ಮಾಡಿ ಮಾರುವುದು ಬೇರೆ. ಇಲ್ಲಿ ಫೈನಾನ್ಸ್ ಕಂಪೆನಿಯೊಂದು ಸಾಲ ಕೊಡುತ್ತದೆ, ಸಾಲಕ್ಕೆ ಬಡ್ಡಿ, ತಡವಾದರೆ ಮತ್ತೆ ಬಡ್ಡಿ. ಹೆಸರು ಏನೇ ಇಟ್ಟರೂ ಇದು ರಿಬಾ. ಮರುಭೂಮಿಯ ಬಿಸಿಲಲ್ಲಿ ಬೆವರು ಸುರಿಸಿ ದುಡಿದ ಹಲಾಲ್ ಹಣವನ್ನು ಇದಕ್ಕೆ ಹಾಕಬೇಕಾ ಅಂತ ಕೇಳಿದೆ. ಅವನು ಸುಮ್ಮನಾದ.

"ಹಾಗಾದರೆ ಪೂರ್ತಿ ಹಣ ಒಮ್ಮೆಲೇ ಕಟ್ಟಿದರೆ?" ಅಂತ ಆಮೇಲೆ ಕೇಳಿದ. ಸರಿಯಾದ ಪ್ರಶ್ನೆಯೇ. ಇಲ್ಲಿ ನಾವು ಜಾಗ ಕೊಳ್ಳುವುದಿಲ್ಲ, ಇರುವ ಅವಕಾಶವನ್ನು ಕೊಳ್ಳುತ್ತೇವೆ. ನಮ್ಮ ಶಾಫಿಈ ಕಿತಾಬುಗಳ ಭಾಷೆಯಲ್ಲಿ ಇದು ಇಜಾರಕ್ಕೆ, ಅಂದರೆ ಬಾಡಿಗೆಗೆ ಹತ್ತಿರದ ವ್ಯವಹಾರ. ಇಜಾರ ಸರಿಯಾಗಬೇಕಾದರೆ ಸಿಗುವ ಪ್ರಯೋಜನ ಏನು, ಎಷ್ಟು ಕಾಲ, ಬಾಡಿಗೆ ಎಷ್ಟು ಅಂತ ಮೊದಲೇ ತಿಳಿದಿರಬೇಕು. ಇಲ್ಲಿ ಯಾವ ಊರು, ಯಾವ ಕೋಣೆ, ಯಾವ ದಿನ ಅಂತ ಗೊತ್ತಿಲ್ಲ. ಮುಂದಿನ ವರ್ಷಗಳ ಶುಲ್ಕ ಎಷ್ಟು ಅಂತಲೂ ಗೊತ್ತಿಲ್ಲ. ಪಾಯಿಂಟ್ ಪಟ್ಟಿಯನ್ನು ಬದಲಿಸುವ ಹಕ್ಕು ಕಂಪೆನಿಗೆ ಇದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹೀಗೆ ಏನು ಸಿಗುತ್ತದೆ ಅಂತ ಖಚಿತವಿಲ್ಲದ ವ್ಯವಹಾರಕ್ಕೆ ಗರರ್ ಅನ್ನುತ್ತೇವೆ. ನಾನು ಮದ್ರಸದಲ್ಲಿ ಕಲಿಸುವವನು, ಫತ್ವಾ ಕೊಡುವವನಲ್ಲ. ಅದಕ್ಕೆ ಮರುದಿನ ನಮ್ಮ ಮುದರ್ರಿಸ್ ಉಸ್ತಾದರಿಗೆ ಕಾಗದ ತೋರಿಸಿದೆ. ಬಡ್ಡಿಯ ಕಂತು ಬೇಡವೇ ಬೇಡ, ಉಳಿದದ್ದರಲ್ಲೂ ಇಷ್ಟು ಅಸ್ಪಷ್ಟತೆ ಇರುವಾಗ ದೂರ ಇರುವುದೇ ಲೇಸು ಅಂದರು.

ಇಷ್ಟಾದರೂ ತಂಗಿಯ ಗಂಡನ ಮುಖ ಸಪ್ಪಗಿತ್ತು. ಆ ರಾತ್ರಿ ಅವನು ಹೇಳಿದ ಮಾತು ನನಗೆ ಈಗಲೂ ಮರೆಯುವುದಿಲ್ಲ. "ಭಾವ, ನನ್ನ ಮಗಳಿಗೆ ಈಗ ಎಂಟು ವರ್ಷ. ನಾನು ಅವಳ ಜೊತೆ ಇದ್ದದ್ದು ಎಂಟು ತಿಂಗಳು. ಹಣ ಕಟ್ಟಿಬಿಟ್ಟರೆ ವರ್ಷಕ್ಕೊಮ್ಮೆ ಬರಲೇಬೇಕಾಗ್ತದೆ ಅಂತ ಅನಿಸಿತು."

ಅವನು ರಿಸಾರ್ಟಿನ ಆಸೆಗೆ ಸಹಿ ಹಾಕಿದ್ದಲ್ಲ ಅಂತ ನನಗೆ ಆಗ ಅರ್ಥವಾಯಿತು. ಬಡ್ಡಿ, ಗರರ್ ಅಂತ ಪಾಠ ಹೇಳಿ ಮುಗಿಸುವ ವಿಷಯ ಇದಲ್ಲ. ಗಲ್ಫಿನಲ್ಲಿ ಒಬ್ಬ, ಊರಲ್ಲಿ ಉಳಿದವರು ಅಂತ ಬದುಕುವ ನಮ್ಮ ಬ್ಯಾರಿ ಮನೆಗಳಲ್ಲಿ ಈ ನೋವು ಹೊಸದೂ ಅಲ್ಲ.

ಮುಂದಿನ ಶುಕ್ರವಾರ ಜುಮಾ ಮುಗಿದ ಮೇಲೆ ಎಲ್ಲರೂ ಕೂತು ಮಶ್ವರ ಮಾಡಿದೆವು. ಉಮ್ಮ, ನಾನು, ನನ್ನ ಹೆಂಡತಿ, ತಂಗಿ, ಅವಳ ಗಂಡ. ಮಕ್ಕಳು ನಾಲ್ವರು ಬಾಗಿಲ ಬಳಿ. ನಾವು ಪಾಯಿಂಟ್, ಸೀಸನ್ ಅಂತ ಮಾತಾಡುವುದನ್ನು ಉಮ್ಮ ಕೇಳುತ್ತಾ ಕೂತಿದ್ದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಈ ಕಾಗದ ತೋರಿಸಿದರೆ ಇವನ ಕಂಪೆನಿಯವರು ರಜೆ ಕೊಡ್ತಾರಾ?"

ಯಾರ ಬಳಿಯೂ ಉತ್ತರ ಇರಲಿಲ್ಲ. ಕಾಗದ ಕಟ್ಟಿಹಾಕುವುದು ಇವನನ್ನು, ಇವನ ಕಂಪೆನಿಯನ್ನಲ್ಲ. ಅವನ ರಜೆ ಬರುವುದು ಎರಡು ವರ್ಷಕ್ಕೊಮ್ಮೆ, ಕಂಪೆನಿ ಕೊಟ್ಟಾಗ. ಒಮ್ಮೆ ಬಂದದ್ದು ರಮಝಾನಿನಲ್ಲಿ, ಒಮ್ಮೆ ಅವನ ತಂಗಿಯ ನಿಕಾಹ್‌ಗೆ, ಒಮ್ಮೆ ಮನೆಯ ಮಾಡು ರಿಪೇರಿಗೆ. ಈ ಸಲ ಜುಲೈ, ಶಾಲೆ ಶುರುವಾಗಿದೆ. ಶಾಲೆಯ ದೊಡ್ಡ ರಜೆ ಏಪ್ರಿಲ್, ಮೇಯಲ್ಲಿ. ನಮ್ಮ ಮದ್ರಸಕ್ಕೆ ದೊಡ್ಡ ರಜೆ ರಮಝಾನಿನ ಹೊತ್ತಿಗೆ. ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಮಾರ್ಚಿನಲ್ಲಿ ಬಂದ ರಮಝಾನ್ 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ ಬರಲಿದೆ. ಆಗ ಡಿಸೆಂಬರಿನ ಪಾಯಿಂಟ್ ಏನು ಮಾಡುವುದು? ಕಂಪೆನಿ, ಶಾಲೆ, ಮದ್ರಸ ಮೂರೂ ಕ್ಯಾಲೆಂಡರ್ ಕೂಡುವ ನಾಲ್ಕು ದಿನಕ್ಕೆ 25 ವರ್ಷ ಹಣ ಕಟ್ಟುತ್ತಾ ಕೂರಬೇಕು. ಬಳಸದ ಪಾಯಿಂಟ್ ಒಂದು ವರ್ಷ ಮಾತ್ರ ಮುಂದಕ್ಕೆ ಹೋಗುತ್ತದೆ, ಆಮೇಲೆ ರದ್ದು.

ಈ ಸ್ಕೀಮ್ ಎಲ್ಲರಿಗೂ ನಷ್ಟ ಅಂತ ನಾನು ಹೇಳುವುದಿಲ್ಲ. ಪ್ರತಿ ವರ್ಷ ಒಂದೇ ಹೊತ್ತಿಗೆ ರಜೆ ಸಿಗುವವರು, ತಿಂಗಳುಗಟ್ಟಲೆ ಮೊದಲೇ ಕೋಣೆ ಕಾದಿರಿಸುವವರು, ಸಾಲ ಮಾಡದೆ ಕಟ್ಟುವವರು ಇದ್ದರೆ ಅವರಿಗೆ ಲೆಕ್ಕ ಹೊಂದಬಹುದು. ನಮ್ಮ ಮನೆಗೆ ಹೊಂದಲಿಲ್ಲ.

ಒಪ್ಪಂದದಲ್ಲಿ ಹತ್ತು ದಿನದೊಳಗೆ ರದ್ದು ಮಾಡಬಹುದು ಅಂತ ಇತ್ತು. ಎಂಟನೇ ದಿನ ಇಮೇಲ್ ಮಾಡಿ, ಅದೇ ಪತ್ರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲೂ ಕಳಿಸಿದೆವು. ಫೋನಲ್ಲಿ ಹೇಳಿದರೆ ಸಾಕು ಅಂದಿದ್ದರು, ನಾವು ಕೇಳಲಿಲ್ಲ. ಕುರ್‌ಆನಿನ ಅತಿ ಉದ್ದದ ಆಯತ್, ಅಲ್ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಹಣ ವಾಪಸ್ ಬರಲು ಏಳು ವಾರ ಹಿಡಿಯಿತು, ಅದರಲ್ಲೂ ಎರಡು ಸಾವಿರ ಮುರಿದುಕೊಂಡಿದ್ದರು.

ಓದುಗರಲ್ಲಿ ಯಾರಿಗಾದರೂ ಇಂಥ ಫೋನ್ ಬಂದರೆ ಕೆಲವು ವಿಷಯ ನೆನಪಿರಲಿ. ಸಭೆಯಲ್ಲಿ ಸಹಿ ಹಾಕಬೇಡಿ, ಕಾಗದ ಮನೆಗೆ ತನ್ನಿ. ಇವತ್ತು ಮಾತ್ರ ಅನ್ನುವ ರೇಟಿಗೆ ನಾಳೆಯೂ ಕೊಡಲು ತಯಾರಿಲ್ಲ ಅಂದರೆ ಅದು ಬೇಡ. ಬಾಯಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಡಿ ಅನ್ನಿ. ಶುಲ್ಕ ವರ್ಷಕ್ಕೆ ಎಷ್ಟರವರೆಗೆ ಏರಬಹುದು, ಮಧ್ಯೆ ಬಿಟ್ಟರೆ ಎಷ್ಟು ಸಿಗುತ್ತದೆ, ಸದಸ್ಯ ತೀರಿಹೋದರೆ ಶುಲ್ಕ ಯಾರ ತಲೆಗೆ ಅಂತ ಕೇಳಿ. ಯುರೋಪಿಯನ್ ಒಕ್ಕೂಟದಲ್ಲಿ ಇಂಥ ಒಪ್ಪಂದದಿಂದ ಹಿಂದೆ ಸರಿಯಲು 14 ದಿನ ಕಾನೂನೇ ಕೊಡುತ್ತದೆ. ನಮ್ಮಲ್ಲಿ ಒಪ್ಪಂದದಲ್ಲಿ ಏನು ಬರೆದಿದೆ ಅನ್ನುವುದೇ ಮುಖ್ಯ, ಆ ಪುಟವನ್ನು ಮೊದಲು ಹುಡುಕಿ.

ಈಗಾಗಲೇ ಸಿಕ್ಕಿಬಿದ್ದವರು ನಾಚಿಕೆಪಟ್ಟು ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಂಪೆನಿ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು.

ತಂಗಿಯ ಗಂಡನ ರಜೆಯಲ್ಲಿ ಇನ್ನೂ ಮೂರು ವಾರ ಉಳಿದಿತ್ತು. ಒಂದು ಶನಿವಾರ ಮಕ್ಕಳಿಗೆ ಶಾಲೆ ತಪ್ಪಿಸಿ, ನಾನೂ ಮದ್ರಸಕ್ಕೆ ರಜೆ ಹೇಳಿ, ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ಕಡೆಯ ಒಂದು ಹೋಮ್‌ಸ್ಟೇಗೆ ಹೋದೆವು. ದೊಡ್ಡವರಿಗೆ 1,800, ಮಕ್ಕಳಿಗೆ ಅರ್ಧ, ಮೂರು ಹೊತ್ತಿನ ಊಟ ಸೇರಿ. ಒಂಬತ್ತು ಜನಕ್ಕೆ ಎರಡು ರಾತ್ರಿಗೆ 25,200 ಆಯಿತು. ಕೋಳಿ ನಾವೇ ಕೊಯ್ದು ಕೊಟ್ಟೆವು. ಮಳೆ ಬಿಡಲೇ ಇಲ್ಲ, ಮಕ್ಕಳ ಕಾಲಿಗೆಲ್ಲ ಉಂಬಳ. ಫಜ್ರ್‌ಗೆ ತಂಗಿಯ ಗಂಡನನ್ನೇ ಇಮಾಮ್ ನಿಲ್ಲಿಸಿದೆವು. ಅವನ ಮಗಳು ಹಿಂದಿನ ಸಾಲಲ್ಲಿ ಉಮ್ಮನ ಪಕ್ಕ ನಿಂತಿದ್ದಳು.

ಈಗ ಉಮ್ಮನ ಕಪಾಟಿನಲ್ಲಿ ಒಂದು ಬಿಸ್ಕತ್ ಡಬ್ಬ ಉಂಟು. ತಿಂಗಳಿಗೆ ಅವನು ಒಂದು ಸಾವಿರ ಕಳಿಸುತ್ತಾನೆ, ನಾನು ಮುನ್ನೂರು ಹಾಕುತ್ತೇನೆ. ಲೆಕ್ಕ ಬರೆಯುವುದು ಅವನ ಮಗಳು. ಮುಂದಿನ ರಜೆ ಯಾವಾಗ ಅಂತ ಅವನಿಗೂ ಗೊತ್ತಿಲ್ಲ. ಸಿಕ್ಕಿದಾಗ ಡಬ್ಬ ತೆರೆಯುವುದು, ಇನ್ ಶಾ ಅಲ್ಲಾಹ್.