ಬರ ಬಿದ್ದಾಗ ಕಾಳಿನೊಳಗೆ ಏನಾಗುತ್ತದೆ?

ಮಳೆ ಕಡಿಮೆಯಾದರೆ ಬೆಳೆ ಕಡಿಮೆಯಾಗುತ್ತದೆ. ಇಷ್ಟನ್ನು ತಿಳಿಯಲು ವಿಜ್ಞಾನದ ಪುಸ್ತಕ ಬೇಕಾಗಿಲ್ಲ. ಆದರೆ ಒಂದೇ ಊರಿನ ಎರಡು ಜೋಳದ ಹೊಲಗಳನ್ನು ನೋಡಿ. ಎರಡಕ್ಕೂ ಬಿದ್ದದ್ದು ಒಂದೇ ಮಳೆ. ಆದರೂ ಒಂದರ ತೆನೆಯಲ್ಲಿ ಕಾಳೇ ಸರಿಯಾಗಿ ಕಟ್ಟಿರುವುದಿಲ್ಲ. ಇನ್ನೊಂದರಲ್ಲಿ ಕಾಳು ಕಟ್ಟಿದ್ದರೂ ಸುಕ್ಕುಗಟ್ಟಿ ಹಗುರವಾಗಿರುತ್ತದೆ. ಬಿತ್ತಿದ ದಿನ ಬೇರೆಯಾದದ್ದೇ ಈ ವ್ಯತ್ಯಾಸಕ್ಕೆ ಕಾರಣವಿರಬಹುದು. ನೀರು ಎಷ್ಟು ಕಡಿಮೆಯಾಯಿತು ಎಂಬುದರಷ್ಟೇ, ಬೆಳೆಯ ಯಾವ ಹಂತದಲ್ಲಿ ಕಡಿಮೆಯಾಯಿತು ಎಂಬುದೂ ಮುಖ್ಯ.

ಇದನ್ನು ಅರಿಯಲು ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಹಿಂಗಾರಿ ಜೋಳ ಒಳ್ಳೆಯ ಉದಾಹರಣೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಉತ್ತರಿ ಹಾಗೂ ಹಸ್ತ ಮಳೆಯ ಹದ ನೋಡಿ ಇದನ್ನು ಬಿತ್ತುತ್ತಾರೆ. ಆಮೇಲೆ ಬೀಳುವ ಮಳೆ ಅಲ್ಪ. ಆಳವಾದ ಎರೆಭೂಮಿ ಹಿಡಿದಿಟ್ಟುಕೊಂಡ ತೇವವೇ ಬೆಳೆಯ ಬಂಡವಾಳ. ಅದನ್ನು ಸುಮಾರು ನಾಲ್ಕು ತಿಂಗಳು ಕಾಳಜಿಯಿಂದ ಖರ್ಚು ಮಾಡಬೇಕು.

ಬಾಗಿಲು ಮುಚ್ಚಿದರೆ ಹಸಿವು

ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೇಳು ಪಾಲಿಗೂ ಹೆಚ್ಚು ಎಲೆಗಳಿಂದ ಆವಿಯಾಗಿ ಹೋಗುತ್ತದೆ. ಇದು ವ್ಯರ್ಥವೆಂದು ತಿಳಿಯಬೇಡಿ. ಎಲೆಯ ಮೇಲಿನ ಪತ್ರರಂಧ್ರಗಳ ಮೂಲಕವೇ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕು. ಬಾಗಿಲು ತೆರೆದಾಗ ನೀರಿನ ಆವಿ ಹೊರಗೆ ಹೋಗುವುದು ಅನಿವಾರ್ಯ.

ಮಣ್ಣು ಒಣಗುತ್ತಾ ಬಂದಂತೆ ಗಿಡದಲ್ಲಿ ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಇದರ ಸೂಚನೆಯಂತೆ ರಂಧ್ರಗಳ ಕಾವಲು ಕೋಶಗಳು ಬಾಗಿಲನ್ನು ಮುಚ್ಚುತ್ತವೆ. ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಬರುವುದೂ ಕಡಿಮೆಯಾಗಿ, ಆಹಾರದ ತಯಾರಿಕೆ ಕುಗ್ಗುತ್ತದೆ. ಹೀಗೆ ಬಾಯಾರಿದ ಗಿಡ ಹಸಿದ ಗಿಡವೂ ಆಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಜೋಳದ ಎಲೆ ಸುರುಳಿಯಾಗುವುದನ್ನು ನೀವು ಕಂಡಿರಬಹುದು. ಬಿಸಿಲು ತಾಗುವ ಜಾಗವನ್ನು ಕಡಿಮೆ ಮಾಡಿಕೊಳ್ಳುವ ಉಪಾಯವದು. ಸಂಜೆ ಎಲೆ ಬಿಡಿಸಿಕೊಂಡರೆ ಚಿಂತೆಯಿಲ್ಲ. ಬೆಳಗಿನ ಜಾವಕ್ಕೂ ಸುರುಳಿಯಾಗಿಯೇ ಇದ್ದರೆ ಮಣ್ಣಿನ ತೇವ ಮುಗಿಯುತ್ತಾ ಬಂದಿದೆಯೆಂದು ಅರ್ಥ.

ಮೂರು ಹಂತ, ಮೂರು ಬಗೆಯ ನಷ್ಟ

ಎಳೆಯ ಪೈರಿಗೆ ತೇವ ಕಡಿಮೆಯಾದರೆ ಎಲೆಗಳು ಚಿಕ್ಕದಾಗಿ ಬೆಳವಣಿಗೆ ನಿಧಾನವಾಗುತ್ತದೆ. ಸಸಿ ಬದುಕುಳಿದು ಮುಂದೆ ನೀರು ಸಿಕ್ಕರೆ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ತೆನೆ ಹೊಡೆಯಲ್ಲಿರುವಾಗಿನಿಂದ ಹೂವಾಡುವವರೆಗಿನ ಹಂತ ಬಹಳ ನಾಜೂಕಾದದ್ದು. ಆಗ ನೀರು ತಪ್ಪಿದರೆ ಪರಾಗ ಜಳ್ಳಾಗುತ್ತದೆ. ತೆನೆ ಪೂರ್ತಿ ಹೊರಬರುವುದಿಲ್ಲ. ಕಾಳುಗಳ ಸಂಖ್ಯೆಯೇ ಇಳಿಯುತ್ತದೆ. ಆಮೇಲೆ ಎಷ್ಟು ಮಳೆ ಬಂದರೂ ಕಟ್ಟದ ಕಾಳು ಕಟ್ಟಲಾರದು.

ಹಾಲುಗಾಳಿನಿಂದ ಸೀತನಿಯ ಹದ ದಾಟಿ ಬಲಿಯುವವರೆಗಿನದು ಮೂರನೆಯ ಹಂತ. ಈಗ ಕಾಳುಗಳ ಸಂಖ್ಯೆ ನಿರ್ಧಾರವಾಗಿರುತ್ತದೆ. ತೂಕ ಮಾತ್ರ ಬಾಕಿ. ತೇವ ಮುಗಿದರೆ ಎಲೆಗಳು ಬೇಗ ಒಣಗುತ್ತವೆ. ಆಗ ಗಿಡ ದಂಟಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಕರಗಿಸಿ ಕಾಳಿಗೆ ಕಳಿಸುತ್ತದೆ. ದಂಟು ಬಡವಾಗುತ್ತದೆ. ಇಂಥ ದಂಟಿಗೆ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಸುಲಭವಾಗಿ ತಗುಲಿ, ಒಳಗೆ ಇದ್ದಿಲಿನಂತೆ ಕಪ್ಪಾಗಿ, ಬೆಳೆ ನೆಲಕ್ಕೆ ಒರಗುತ್ತದೆ.

ಶೇಕಡಾವಾರಿನ ಮೋಸ

ಬರದಲ್ಲಿ ಬೆಳೆದ ಕಾಳಿನಲ್ಲಿ ಪ್ರೋಟೀನಿನ ಶೇಕಡಾ ಪ್ರಮಾಣ ಹೆಚ್ಚಿರುವುದು ಸಾಮಾನ್ಯ. ಹಾಗಾದರೆ ಬರದ ಜೋಳ ಹೆಚ್ಚು ಪೌಷ್ಟಿಕವೇ? ಲೆಕ್ಕ ಹಾಕಿ ನೋಡೋಣ. ತುಂಬಿದ ಸಾವಿರ ಕಾಳಿನ ತೂಕ 35 ಗ್ರಾಂ, ಪ್ರೋಟೀನು ಶೇಕಡಾ 10 ಎಂದಿಟ್ಟುಕೊಳ್ಳಿ. ಪ್ರೋಟೀನು 3.5 ಗ್ರಾಂ ಆಯಿತು. ಸೊರಗಿದ ಸಾವಿರ ಕಾಳಿನ ತೂಕ 25 ಗ್ರಾಂ, ಪ್ರೋಟೀನು ಶೇಕಡಾ 12 ಇರಲಿ. ಆಗ ಬರುವುದು 3 ಗ್ರಾಂ ಮಾತ್ರ. ಶೇಕಡಾ ಏರಿದೆ, ಪ್ರೋಟೀನು ಇಳಿದಿದೆ! ಬರದಲ್ಲಿ ಪಿಷ್ಟ ತುಂಬುವ ಕೆಲಸಕ್ಕೆ ಹೆಚ್ಚು ಪೆಟ್ಟು ಬೀಳುವುದರಿಂದ ಉಳಿದವುಗಳ ಪಾಲು ದೊಡ್ಡದಾಗಿ ಕಾಣುತ್ತದೆ, ಅಷ್ಟೆ.

ಇದರ ಪರಿಣಾಮ ಅಡುಗೆಮನೆಗೂ ಬರುತ್ತದೆ. ಚಿಕ್ಕ ಕಾಳಿನಲ್ಲಿ ಹೊಟ್ಟಿನ ಪಾಲು ಹೆಚ್ಚು, ಹಿಟ್ಟಿನ ಪಾಲು ಕಡಿಮೆ. ಬಿಸಿನೀರು ಹಾಕಿ ನಾದಿದಾಗ ಹಿಟ್ಟಿಗೆ ಜಿಗಿ ಬರುವುದು ಮುಖ್ಯವಾಗಿ ಪಿಷ್ಟದಿಂದ. ಜಿಗಿ ಇಲ್ಲದ ಹಿಟ್ಟಿನ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ.

ದನಕರು ಸಾಕಿದವರು ಇನ್ನೊಂದು ವಿಷಯವನ್ನು ಮರೆಯಬಾರದು. ಮೊಣಕಾಲೆತ್ತರಕ್ಕೂ ಬಾರದ, ಬರಕ್ಕೆ ಬಾಡಿದ ಎಳೆಯ ಜೋಳದ ಪೈರಿನಲ್ಲಿ ಸಯನೈಡ್ ವಿಷವನ್ನು ಬಿಡುಗಡೆ ಮಾಡುವ ಪದಾರ್ಥ ಹೆಚ್ಚಾಗಿರುತ್ತದೆ. ಅದನ್ನು ಮೇಯ್ದ ದನ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಬೆಳೆ ಹೇಗೂ ಹೋಯಿತೆಂದು ಅಂಥ ಹೊಲಕ್ಕೆ ದನ ಬಿಡಕೂಡದು.

ತೇವದ ಉಳಿತಾಯ

ಬರವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ತೇವವನ್ನು ಉಳಿಸುವುದು ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ. 1930ರ ದಶಕದಲ್ಲೇ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಮುಂಗಾರಿನಲ್ಲಿ ಹೊಲವನ್ನು ಚೌಕು ಮಡಿಗಳಾಗಿ ಕಟ್ಟಿದರೆ ಮಳೆನೀರು ಹರಿದುಹೋಗದೆ ಇಂಗುತ್ತದೆ. ಎಡೆಕುಂಟೆ ಹೊಡೆದರೆ ಕಳೆ ಸಾಯುವುದಲ್ಲದೆ ಎರೆಯ ಬಿರುಕುಗಳು ಮುಚ್ಚಿ ಆವಿ ತಗ್ಗುತ್ತದೆ. ಹದ ಮೀರದಂತೆ ಬಿತ್ತಿದರೆ, ತೇವ ತಳ ಮುಟ್ಟುವ ಮುನ್ನವೇ ಕಾಳು ತುಂಬುತ್ತದೆ.

ಮಹಾರಾಷ್ಟ್ರದ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆರಿಸಿದ ಎಂ 35-1 ತಳಿಯನ್ನು ನಮ್ಮ ರೈತರು ಇಂದಿಗೂ ಬಿಟ್ಟಿಲ್ಲ. ಬರ ತಾಳುವ ಗುಣ, ದುಂಡು ಮುತ್ತಿನಂಥ ಕಾಳು, ಒಳ್ಳೆಯ ಕಣಿಕೆ ಮೂರೂ ಒಂದರಲ್ಲೇ ಸಿಗುವುದು ಅಪರೂಪ. ಕಾಳು ಬಲಿಯುವವರೆಗೂ ಎಲೆ ಹಸಿರಾಗಿಯೇ ಉಳಿಯುವ ಗುಣವನ್ನು ಹೊಸ ತಳಿಗಳಿಗೆ ತರಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಈ ಸುಗ್ಗಿಯಲ್ಲಿ ಬೇರೆ ಬೇರೆ ದಿನ ಬಿತ್ತಿದ ಎರಡು ಹೊಲಗಳಿಂದ ಒಂದೇ ತಳಿಯ ಐದೈದು ತೆನೆ ಕೇಳಿ ತನ್ನಿ. ಪ್ರತಿ ತೆನೆಯ ಕಾಳುಗಳನ್ನು ಎಣಿಸಿ. ಆಮೇಲೆ ಎರಡೂ ಹೊಲದ ಕಾಳು ಚೆನ್ನಾಗಿ ಒಣಗಿದ ಮೇಲೆ ಸಾವಿರ ಸಾವಿರ ಎಣಿಸಿ, ಶಾಲೆಯ ತಕ್ಕಡಿಯಲ್ಲಿ ತೂಗಿ. ಸಂಖ್ಯೆ ಕಡಿಮೆಯಿದ್ದರೆ ಹೂವಿನ ಹೊತ್ತಿಗೆ ತೇವ ತಪ್ಪಿರಬಹುದು; ತೂಕ ಕಡಿಮೆಯಿದ್ದರೆ ಕಾಳು ತುಂಬುವಾಗ. ಬಿತ್ತಿದ ದಿನ, ಮಳೆ ಬಿದ್ದ ದಿನಗಳನ್ನು ಮನೆಯ ಹಿರಿಯರಿಂದ ಕೇಳಿ ತಾಳೆ ನೋಡಿ. ಅವರು ಅನುಭವದಿಂದ ಹೇಳುವುದೂ ನಿಮ್ಮ ತಕ್ಕಡಿ ಹೇಳುವುದೂ ಎಷ್ಟರಮಟ್ಟಿಗೆ ಕೂಡುತ್ತವೆ ಎಂಬುದು ನಿಮಗೇ ತಿಳಿಯುತ್ತದೆ.